ರವದಿ, ಗಾಣ, ಮಗ್ಗ: ರನ್ನ ಬೆಳಗಲಿಯ ಸುತ್ತ ಬೆಂಕಿಯ ಹಾದಿ

ಸಂಕ್ರಾಂತಿ ಕಳೆದ ಮೇಲೆ ರನ್ನ ಬೆಳಗಲಿಯ ಹೊಲಗಳಿಗೆ ಇಳಿದರೆ ಮೊದಲು ಕಾಲಿಗೆ ಸಿಗುವುದು ರವದಿ. ಕಬ್ಬು ಎತ್ತರಕ್ಕೆ ಹೋದಂತೆಲ್ಲ ಕೆಳಗಿನ ಗರಿಗಳು ಒಣಗಿ, ಗಣಿಕೆಗೆ ಜೋತುಬಿದ್ದು, ಕೊನೆಗೆ ನೆಲ ಸೇರುತ್ತವೆ. ಮಾಗಿಯ ಚಳಿ ಇಳಿದು ಬಿಸಿಲು ಏರತೊಡಗಿದಾಗ ಅವು ಮುಟ್ಟಿದರೆ ಮುರಿಯುವಷ್ಟು ಗರಿಗರಿ. ದೂರದಿಂದ ಕಾಣುವುದು ಹಸಿರು ಸೋಗೆ. ಒಳಹೊಕ್ಕರೆ ಸೊಂಟದವರೆಗೂ ಒಣ ಉರುವಲು. ವರ್ಷವಿಡೀ ನೀರು, ಗೊಬ್ಬರ, ಸಾಲ ಎಲ್ಲವನ್ನೂ ಉಂಡ ಬೆಳೆ ಆ ಉರುವಲಿನ ನಡುವೆ ಕಟಾವಿನ ಸರದಿಗಾಗಿ ಕಾಯುತ್ತ ನಿಂತಿರುತ್ತದೆ.

ಕೆಲಸದ ಜಾಗದಲ್ಲಿ ಬೆಂಕಿಯ ಸುರಕ್ಷತೆ ಎಂದರೆ ನಮ್ಮ ಕಣ್ಣಿಗೆ ಕಟ್ಟುವುದು ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರು, ಬಾಗಿಲ ಮೇಲಿನ ಹಸಿರು ಫಲಕ, ಬೆಂಗಳೂರಿನ ಯಾವುದೋ ಗಾಜಿನ ಕಟ್ಟಡ. ಮುಧೋಳ ತಾಲ್ಲೂಕಿನ ಈ ಊರಿನಲ್ಲಿ ಹೆಚ್ಚಿನವರು ದುಡಿಯುವ ಜಾಗಕ್ಕೆ ಗೋಡೆಯೇ ಇಲ್ಲ, ಬಾಗಿಲೂ ಇಲ್ಲ. ಹೊಲವೇ ಅವರ ಕಾರ್ಖಾನೆ. ಆ ಕಬ್ಬು ಹೊಲದಿಂದ ಗಾಣಕ್ಕೆ, ಗಾಣವಲ್ಲದಿದ್ದರೆ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ. ಅಲ್ಲಿಂದ ಸ್ವಲ್ಪ ದೂರದ ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳ ಸದ್ದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ತಾಲ್ಲೂಕುಗಳ ಬದುಕು ಘಟಪ್ರಭೆ ಮತ್ತು ಕೃಷ್ಣೆಯ ನೀರಿನ ಮೇಲೆ ನಿಂತಿದೆ ಎಂದು ಎಲ್ಲರೂ ಬರೆಯುತ್ತಾರೆ. ಬೆಂಕಿಯ ಮೇಲೂ ನಿಂತಿದೆ ಎಂಬುದನ್ನು ಕೊಪ್ಪರಿಗೆ, ಬಾಯ್ಲರು, ಬಣ್ಣದ ಹಂಡೆಗಳ ಪಕ್ಕ ನಿಂತವರು ಬಲ್ಲರು. ಕೆಲಸಕ್ಕೆ ಬಳಸುವ ಆ ಬೆಂಕಿ ಕೈತಪ್ಪಿದಾಗ ಏನು ಮಾಡಬೇಕು ಎಂಬ ಲೆಕ್ಕ ಎಲ್ಲೆಲ್ಲಿ ಇದೆ, ಎಲ್ಲೆಲ್ಲಿ ಇಲ್ಲ ಎಂದು ನೋಡುತ್ತ ಹೋಗುವುದೇ ಈ ನಡಿಗೆ.

ಊರಿನ ಬಗ್ಗೆ ಎರಡು ಮಾತು. ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನನ ಹೆಸರನ್ನು ಬೆಳಗಲಿ ತನ್ನ ಹೆಸರಿನ ಮುಂದೆ ಇಟ್ಟುಕೊಂಡಿದೆ. ದೊರೆ ತೈಲಪನ ಆಸ್ಥಾನ ಸೇರಿದ ಆ ಕವಿ ಹುಟ್ಟಿದ್ದು ಬಳೆಗಾರರ ಮನೆಯಲ್ಲಿ, ಕೈಕೆಲಸದಿಂದ ಹೊಟ್ಟೆ ಹೊರೆಯುವವರ ನಡುವೆ. ತಿಮ್ಮಾಪುರದ ರೈತರ ಸಹಕಾರಿ ಸಕ್ಕರೆ ಕಾರ್ಖಾನೆಯ ಆವರಣಕ್ಕೂ ರನ್ನನಗರ ಎಂದೇ ಹೆಸರು. ಬೆಳಗಲಿಗೆ ಈಗ ಪಟ್ಟಣ ಪಂಚಾಯಿತಿ ಬಂದಿದೆ. ಆದರೂ ಊರಿನ ಕೊನೆಯ ಮನೆ ದಾಟಿದೊಡನೆ ಕಬ್ಬೇ ಕಬ್ಬು.

ಹೊಲದ ಬದುವಿನ ಮೇಲೆ ನಿಂತು ತಲೆ ಎತ್ತಿ ನೋಡಿ. ಬಾವಿಗೆ, ಬೋರಿಗೆ ಕರೆಂಟು ಒಯ್ಯುವ ತಂತಿಗಳು ಕಂಬದಿಂದ ಕಂಬಕ್ಕೆ ಹಾದುಹೋಗಿವೆ. ಕಂಬ ವಾಲಿದರೆ ತಂತಿ ಜೋಲುತ್ತದೆ. ಕಬ್ಬು ಆಳೆತ್ತರ ದಾಟಿ ಬೆಳೆದಾಗ ಜೋತ ತಂತಿಗೂ ಸೋಗೆಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಗಾಳಿಗೆ ಎರಡು ತಂತಿ ಒಂದಕ್ಕೊಂದು ತಾಗಿದರೆ ಕರಗಿದ ಅಲ್ಯೂಮಿನಿಯಂ ಕಿಡಿಯಾಗಿ ಕೆಳಗೆ ಉದುರುತ್ತದೆ, ಕೆಳಗೆ ರವದಿ. ಟೀಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಪೆಟ್ಟಿಗೆಯಲ್ಲಿ ಫ್ಯೂಜಿನ ಬದಲು ದಪ್ಪ ತಂತಿ ಸುತ್ತಿದ್ದರೆ ಎಲ್ಲೋ ಒಂದು ಕಡೆ ಶಾರ್ಟ್ ಆದಾಗ ಕರೆಂಟು ತಾನಾಗಿ ಕಡಿಯುವುದಿಲ್ಲ, ಕಿಡಿ ಸುರಿಯುತ್ತಲೇ ಇರುತ್ತದೆ. ಶಾರ್ಟ್ ಸರ್ಕ್ಯೂಟಿನಿಂದ ಕಬ್ಬು ಭಸ್ಮ ಎಂಬ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ಪ್ರತಿ ಹಂಗಾಮಿನಲ್ಲೂ ಬರುತ್ತದೆ. ಎಷ್ಟು ಸಲ ಬಂದಿದೆಯೆಂದರೆ ಓದುಗರು ಅದನ್ನು ಮಳೆ, ಆಲಿಕಲ್ಲಿನ ಸುದ್ದಿಯ ಸಾಲಿಗೆ ಸೇರಿಸಿಬಿಟ್ಟಿದ್ದಾರೆ. ಆಲಿಕಲ್ಲನ್ನು ತಡೆಯಲಾಗದು. ಜೋತ ತಂತಿಯನ್ನು ಬಿಗಿಯಬಹುದು, ನಡುವೆ ಕಂಬ ನೆಡಬಹುದು, ತಂತಿಗಳು ತಾಗದಂತೆ ನಡುವೆ ಸ್ಪೇಸರ್ ಹಾಕಬಹುದು. ಈ ಕೆಲಸ ವಿದ್ಯುತ್ ಕಂಪನಿಯಾದ ಹೆಸ್ಕಾಂನದು. ದಸರೆಯ ಹೊತ್ತಿಗೆ, ಕಬ್ಬು ಒಣಗುವ ಮುನ್ನ ಮುಗಿಯಬೇಕಾದದ್ದು. ತಂತಿಯ ನೇರ ಕೆಳಗಿನ ಮತ್ತು ಟೀಸಿಯ ಸುತ್ತಲಿನ ರವದಿ ಸುಲಿದು ಪಟ್ಟೆ ಬಿಡುವ ಕೆಲಸ ರೈತರದು. ಎರಡರಲ್ಲಿ ಒಂದು ತಪ್ಪಿದರೂ ಇನ್ನೊಂದರಿಂದ ಬೆಳೆ ಉಳಿದೀತು. ಎರಡೂ ತಪ್ಪಿದ ವರ್ಷ ಸಾಲು ಸಾಲು ಹೊಲ ಹೋಗುತ್ತದೆ.

ಬೆಂಕಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾದೀತು. ಕಟಾವಾದ ಮೇಲೆ ಕೂಳೆ ಬೆಳೆಗೆ ಜಾಗ ಮಾಡಲು ರವದಿಗೆ ನಾವೇ ಬೆಂಕಿ ಹಚ್ಚುತ್ತೇವೆ. ಗಾಳಿ ತಿರುಗಿದರೆ ಅದು ಪಕ್ಕದವರ ನಿಂತ ಕಬ್ಬಿಗೆ ಹೋಗುತ್ತದೆ. ರವದಿಯನ್ನು ಪುಡಿಮಾಡಿ ಸಾಲಿನಲ್ಲೇ ಬಿಟ್ಟರೆ ತೇವ ಉಳಿಯುತ್ತದೆ, ಮಣ್ಣಿಗೆ ಗೊಬ್ಬರವಾಗುತ್ತದೆ ಎಂದು ಕೃಷಿ ವಿಜ್ಞಾನಿಗಳು ಹೇಳುತ್ತ ಬಂದಿದ್ದಾರೆ. ಸುಡುವುದನ್ನು ಬಿಟ್ಟವರ ಹೊಲವೂ ಉಳಿಯಿತು, ನೆರೆಯವರ ಹೊಲವೂ ಉಳಿಯಿತು.

ಕಬ್ಬಿನ ಬೆಂಕಿಯನ್ನು ಹತ್ತಿರದಿಂದ ಕಂಡವರು ಅದರ ಸದ್ದಿನ ಬಗ್ಗೆ ಹೇಳುತ್ತಾರೆ: ಗಣಿಕೆಯೊಳಗಿನ ರಸ ಕುದಿದು ಪಟಪಟನೆ ಸಿಡಿಯುವ ಸದ್ದು. ಗಾಳಿ ಹಿಂದಿದ್ದರೆ ಬೆಂಕಿ ಮನುಷ್ಯನ ಓಟವನ್ನು ಮೀರುತ್ತದೆ. ಹೊಲದ ಒಳಗಿರುವವನಿಗೆ ನಾಲ್ಕು ಮಾರು ಆಚೆಗೆ ಏನಿದೆ ಎಂದು ಕಾಣುವುದಿಲ್ಲ. ಹೊಗೆ ಬಂದ ಮೇಲೆ ದಿಕ್ಕೇ ತಪ್ಪುತ್ತದೆ. ಬೆಂಕಿ ಹೋಗುವ ದಿಕ್ಕಿನಲ್ಲೇ ಓಡಿದರೆ ಅದು ಹಿಂದೆ ಬರುತ್ತದೆ. ಗಾಳಿಗೆ ಅಡ್ಡಲಾಗಿ ಪಕ್ಕಕ್ಕೆ ಹೊರಳಿ ಹತ್ತಿರದ ದಾರಿ, ಕಾಲುವೆ ಅಥವಾ ಆಗಲೇ ಸುಟ್ಟುಹೋದ ನೆಲ ಸೇರುವುದು ಬದುಕುವ ದಾರಿ. ಅತಿ ಹೆಚ್ಚು ಅಪಾಯಕ್ಕೆ ಸಿಲುಕುವವರು ಮೋಟರು, ಹನಿ ನೀರಾವರಿಯ ಪೈಪು ಉಳಿಸಲು ಒಳಗೆ ನುಗ್ಗುವವರು. ಸಾಲ ಮಾಡಿ ತಂದ ಪೈಪು ಕಣ್ಣೆದುರು ಕರಗುವಾಗ ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂದು ರೈತನಿಗೇ ಗೊತ್ತು. ಆದರೂ ಹೇಳಲೇಬೇಕು: ಒಳಗೆ ಹೋಗಬೇಡಿ. ನೀರು ಎರಚುವ ಮುನ್ನ ಹೆಸ್ಕಾಂನ 1912ಕ್ಕೆ ಕರೆ ಮಾಡಿ ಆ ಲೈನಿನ ಕರೆಂಟು ತೆಗೆಸಿ. ಹರಿದುಬಿದ್ದ ತಂತಿ ಸತ್ತಂತೆ ಕಂಡರೂ ಜೀವಂತವಾಗಿರಬಹುದು.

ಸುಟ್ಟ ಕಬ್ಬು ಪೂರ್ತಿ ಹಾಳಲ್ಲ, ಆದರೆ ಗಂಟೆಗಳ ಲೆಕ್ಕದಲ್ಲಿ ಹಾಳಾಗುತ್ತ ಹೋಗುತ್ತದೆ. ತೂಕ ಇಳಿಯುತ್ತದೆ, ರಸ ಹುಳಿಯುತ್ತದೆ, ಸಕ್ಕರೆ ಇಳುವರಿ ಕುಸಿಯುತ್ತದೆ. ಬೇಗ ಕಡಿದು ಬೇಗ ನುರಿಸಬೇಕು. ಆ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗು ಸಿಗಬೇಕು, ಗಾಡಿ ಸಿಗಬೇಕು, ಕಾರ್ಖಾನೆ ಸರದಿ ಮುರಿದು ಒಳಗೆ ಬಿಡಬೇಕು. ಬೆಂಕಿ ಆರಿದ ಮೇಲಿನ ಈ ವ್ಯವಸ್ಥೆಯೂ ತುರ್ತು ಯೋಜನೆಯ ಭಾಗವೇ. ಸುಟ್ಟ ಕಬ್ಬನ್ನು ಯಾರು, ಎಷ್ಟು ಗಂಟೆಯೊಳಗೆ, ಯಾವ ದರಕ್ಕೆ ಕೊಳ್ಳಬೇಕು ಎಂಬುದು ಹಂಗಾಮಿನ ಆರಂಭದಲ್ಲೇ ಕಾಗದದ ಮೇಲೆ ಇದ್ದರೆ, ಹೊಲ ಕಳೆದುಕೊಂಡವನು ಮರುದಿನ ಗೇಟಿನ ಮುಂದೆ ಕೈಮುಗಿದು ನಿಲ್ಲಬೇಕಾಗಿಲ್ಲ.

ಈಗ ಗ್ಯಾಂಗಿನವರ ಗುಡಿಸಲುಗಳ ಕಡೆಗೆ ಬನ್ನಿ. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಜಿಲ್ಲೆಯ ಕಡೆಯಿಂದ, ನಮ್ಮದೇ ವಿಜಯಪುರ ಜಿಲ್ಲೆಯಿಂದ ಕುಟುಂಬಗಳು ಬರುತ್ತವೆ. ಗಂಡ ಹೆಂಡತಿ ಇಬ್ಬರೂ ಕುಡಗೋಲು ಹಿಡಿಯುತ್ತಾರೆ, ಮಕ್ಕಳು ಬಿಡಾರದಲ್ಲಿ. ಬಿಡಾರವೆಂದರೆ ಬಿದಿರ ಗಳು, ಸೋಗೆ, ತಾಡಪಾಲು. ಬಾಗಿಲಲ್ಲೇ ಮೂರು ಕಲ್ಲಿನ ಒಲೆ, ಅದರ ಪಕ್ಕದಲ್ಲಿ ಉರುವಲಿಗೆಂದು ಕೂಡಿಟ್ಟ ರವದಿ, ಅದರ ಆಚೆಗೆ ಇನ್ನೊಂದು ಕುಟುಂಬದ ಗುಡಿಸಲು. ಗಾಳಿ ಬೀಸುವ ಸಂಜೆ ಒಂದು ಒಲೆಯ ಕಿಡಿ ಸಾಲಿಗೆ ಸಾಲನ್ನೇ ತೆಗೆದುಕೊಂಡು ಹೋಗಬಲ್ಲದು. ಈ ನಡಿಗೆಯಲ್ಲಿ ಮನಸ್ಸನ್ನು ಹೆಚ್ಚು ಕಲಕಿದ ಜಾಗ ಇದೇ. ಇಡೀ ಸಕ್ಕರೆ ಉದ್ಯಮ ಈ ಜನರ ಕೈಮೇಲೆ ನಿಂತಿದೆ, ಮತ್ತು ಬೆಂಕಿಯಿಂದ ಇವರನ್ನು ಕಾಯುವ ಒಂದೇ ಒಂದು ಬಕೆಟ್ ಮರಳು ಇಲ್ಲಿಲ್ಲ. ಬೇಕಾದದ್ದು ಇಷ್ಟು: ಗುಡಿಸಲು ಗುಡಿಸಲುಗಳ ನಡುವೆ ಅಂತರ, ಅಡುಗೆಗೆ ಎಲ್ಲರಿಗೂ ಸೇರಿದ ಒಂದು ಬಯಲು ಜಾಗ, ತುಂಬಿದ ನೀರಿನ ಡ್ರಮ್ಮು, ಮಲಗಿದ ಮಕ್ಕಳ ಮೇಲೆ ಕಣ್ಣಿಡಲು ಒಬ್ಬ ಹಿರಿಯಳು. ಇದಕ್ಕೆ ದೊಡ್ಡ ಹಣ ಬೇಡ. ಗ್ಯಾಂಗನ್ನು ಕರೆತಂದ ಮುಕಾದಮರು, ಅವರಿಗೆ ಮುಂಗಡ ಕೊಟ್ಟವರು ಇದನ್ನು ತಮ್ಮ ಜವಾಬ್ದಾರಿ ಎಂದುಕೊಂಡರೆ ಸಾಕು.

ಮಹಾಲಿಂಗಪುರದ ಬೆಲ್ಲದ ಪೇಟೆಗೆ ದೊಡ್ಡ ಹೆಸರು. ಆ ಪೇಟೆಗೆ ಬೆಲ್ಲ ಹೋಗುವುದು ಸುತ್ತಲಿನ ಗಾಣಗಳಿಂದ. ಗಾಣದ ಅಂಗಳದಲ್ಲಿ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವಿರುತ್ತಾರೆ, ಒಣಗಿದ್ದು ಒಲೆಗೆ. ಒಲೆಯ ಬಾಯಿಗೆ ಒಬ್ಬ ಎಡಬಿಡದೆ ಸಿಪ್ಪೆ ತುರುಕುತ್ತಿರುತ್ತಾನೆ, ಚಿಮಣಿಯಿಂದ ಕಿಡಿ ಹಾರುತ್ತಿರುತ್ತದೆ, ಅಂಗಳದ ತುಂಬ ಒಣ ಸಿಪ್ಪೆ. ಕಟ್ಟಿಗೆಯ ಅಡ್ಡೆಗೂ ಒಲೆಗೂ ಹತ್ತು ಹೆಜ್ಜೆಯ ದೂರ ಇದ್ದರೆ ಹೆಚ್ಚು. ಚಿಮಣಿಯ ತುದಿಗೆ ತಂತಿಯ ಜಾಲರಿ ಕಟ್ಟುವುದು, ಸಿಪ್ಪೆಯ ಬಣವೆಯನ್ನು ಗಾಳಿ ಬರುವ ಬದಿಗೆ ಒಟ್ಟುವುದು, ದಿನದ ಉರುವಲನ್ನಷ್ಟೇ ಒಲೆಯ ಬಳಿ ತರುವುದು, ಇಷ್ಟರಿಂದಲೇ ಗಾಣದ ಅರ್ಧ ಅಪಾಯ ಇಳಿಯುತ್ತದೆ.

ಗಾಣದಲ್ಲಿ ಬೆಂಕಿಗಿಂತ ಹೆಚ್ಚು ಭಯಪಡಬೇಕಾದದ್ದು ಕೊಪ್ಪರಿಗೆಗೆ. ನೀರು ಕುದಿಯುವುದು 100 ಡಿಗ್ರಿಗೆ. ಬೆಲ್ಲದ ಪಾಕ ಇಳಿಸುವ ಹೊತ್ತಿಗೆ ಅದರ ಬಿಸಿ 118 ಡಿಗ್ರಿಯ ಆಸುಪಾಸು. ಸಾಲದ್ದಕ್ಕೆ ಅದು ಅಂಟು. ಕುದಿನೀರು ಮೈಮೇಲೆ ಬಿದ್ದರೆ ಜಾರಿಹೋಗುತ್ತದೆ, ಪಾಕ ಚರ್ಮಕ್ಕೆ ಕಚ್ಚಿಕೊಂಡು ಸುಡುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ: ಹರಿಯುವ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡದೆ ಹಾಯಿಸುವುದು. ಅಂಟಿದ ಬಟ್ಟೆಯನ್ನು ಕೀಳಬಾರದು. ಶಾಯಿ, ಪೇಸ್ಟು, ಎಣ್ಣೆ, ಅರಿಶಿನ ಯಾವುದನ್ನೂ ಬಳಿಯಬಾರದು. ಆಸ್ಪತ್ರೆಯಲ್ಲಿ ಅದನ್ನು ಕೆರೆದು ತೆಗೆಯುವ ನೋವು ಸುಟ್ಟದ್ದಕ್ಕಿಂತ ಹೆಚ್ಚು. ಶುದ್ಧ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಬಾಗಲಕೋಟೆಗೋ ಹುಬ್ಬಳ್ಳಿಗೋ ಹೊರಡಬೇಕು. ಗಾಣದಲ್ಲಿ ಬೋರಿನ ನೀರು ಸದಾ ಇರುತ್ತದೆ. ಕೊಪ್ಪರಿಗೆಯ ಪಕ್ಕಕ್ಕೇ ಒಂದು ನಳ, ಅದಕ್ಕೊಂದು ರಬ್ಬರು ಪೈಪು ಇಟ್ಟರೆ ಒಬ್ಬನ ಕೈ ಉಳಿದೀತು.

ಸಕ್ಕರೆ ಕಾರ್ಖಾನೆಯ ಆವರಣ ಬೇರೆಯದೇ ಲೋಕ. ಗೇಟಿನಲ್ಲಿ ಸೈರನ್ ಇದೆ, ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಇದೆ, ಎಲ್ಲರೂ ಕೂಡಿಕೊಳ್ಳಬೇಕಾದ ಜಾಗಕ್ಕೆ ಹಸಿರು ಫಲಕ ಇದೆ, ಹೈಡ್ರೆಂಟಿನ ಕೆಂಪು ಕೊಳವೆಗಳು ನೆಲದಿಂದ ಮೇಲೆದ್ದಿವೆ. ಒಳಗಿನ ಅಪಾಯವೂ ಅದೇ ಅಳತೆಯದು. ಒಂದು ಟನ್ ಕಬ್ಬು ನುರಿಸಿದರೆ ಸುಮಾರು 280ರಿಂದ 300 ಕೆ.ಜಿ. ಸಿಪ್ಪೆ ಬರುತ್ತದೆ, ಅದರಲ್ಲಿ ಅರ್ಧ ನೀರು. ಬಾಯ್ಲರಿಗೆ ಹಾಕಿ ಮಿಕ್ಕ ಸಿಪ್ಪೆ ಗುಡ್ಡವಾಗಿ ಬೆಳೆಯುತ್ತದೆ. ತೇವದ ಸಿಪ್ಪೆ ಒಳಗೊಳಗೇ ಹುಳಿತು ಬಿಸಿಯಾಗುತ್ತದೆ. ಹೊರಗಿನವರಿಗೆ ಹೊಗೆ ಕಾಣುವ ಹೊತ್ತಿಗೆ ಒಳಗೆ ಎಷ್ಟೋ ದಿನದಿಂದ ಬೇಯುತ್ತಿರುತ್ತದೆ. ಮೇಲಿನಿಂದ ನೀರು ಹೊಡೆದರೆ ಹೊರಪದರ ಒದ್ದೆಯಾಗುತ್ತದೆ, ಒಡಲು ಉರಿಯುತ್ತಲೇ ಇರುತ್ತದೆ. ಹಾಗಾಗಿಯೇ ಗುಡ್ಡವನ್ನು ಒಂದೇ ಮಾಡದೆ ತುಂಡು ತುಂಡಾಗಿ ಒಟ್ಟಿ, ನಡುವೆ ಅಗ್ನಿಶಾಮಕ ವಾಹನ ಓಡಾಡುವಷ್ಟು ದಾರಿ ಬಿಡಬೇಕು. ಒಡಲಿನ ಬಿಸಿಯನ್ನು ಉದ್ದನೆಯ ಸಲಾಕೆಯ ಥರ್ಮಾಮೀಟರಿನಿಂದ ಆಗಾಗ ಅಳೆಯುತ್ತಿರಬೇಕು.

ಗೇಟಿನ ಹೊರಗೆ, ಕಬ್ಬು ತುಂಬಿದ ಟ್ರ್ಯಾಲಿಗಳ ಸರದಿ. ಚಾಲಕರು ಗಾಡಿಯ ಕೆಳಗೇ ಮಲಗುತ್ತಾರೆ, ಅಲ್ಲೇ ಚಹಾ ಕಾಸುತ್ತಾರೆ. ಆ ಸಾಲು ಹೊತ್ತಿಕೊಂಡರೆ ಏನಾಗುತ್ತದೆ ಎಂಬುದನ್ನು ಈ ಸೀಮೆ 2025ರ ನವೆಂಬರಿನಲ್ಲಿ ಕಂಡಿತು. ಕಬ್ಬಿನ ದರದ ಹೋರಾಟದ ದಿನಗಳಲ್ಲಿ ಸಮೀರವಾಡಿಯ ಕಾರ್ಖಾನೆಯ ಬಳಿ ಕಬ್ಬು ಹೇರಿದ ಟ್ರ್ಯಾಲಿಗಳು ಸಾಲಾಗಿ ಸುಟ್ಟವು. ಬೆಂಕಿ ಹೇಗೆ ಬಂತೆಂಬ ವಿಚಾರಣೆ ಬೇರೆ. ಒತ್ತೊತ್ತಾಗಿ ನಿಲ್ಲಿಸಿದ ಗಾಡಿಗಳ ನಡುವೆ ಅಂತರವಿಲ್ಲದಿದ್ದರೆ ಒಂದರ ಬೆಂಕಿ ಎಲ್ಲರದ್ದಾಗುತ್ತದೆ ಎಂಬುದು ಯಾವ ಕಾರಣಕ್ಕೂ ಬದಲಾಗುವುದಿಲ್ಲ.

ಡಿಸ್ಟಿಲರಿ ಇರುವ ಕಡೆ ಎಚ್ಚರ ಇನ್ನೂ ಹೆಚ್ಚು ಬೇಕು. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಈಗ ಈ ಸೀಮೆಯ ದೊಡ್ಡ ಉತ್ಪನ್ನ. ಅದರ ಆವಿ 13 ಡಿಗ್ರಿಯ ತಣ್ಣನೆಯ ಗಾಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಬಾಗಲಕೋಟೆಯ ಮಧ್ಯಾಹ್ನಗಳ ಮಾತು ಬಿಡಿ. ಅದರ ಜ್ವಾಲೆ ಹಗಲಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಅದು ನೀರಿನೊಡನೆ ಬೆರೆಯುವ ದ್ರವವಾದ್ದರಿಂದ ಡೀಸೆಲ್ ಬೆಂಕಿಗೆ ಬಳಸುವ ಸಾಮಾನ್ಯ ನೊರೆಯನ್ನು ಒಡೆದುಹಾಕುತ್ತದೆ. ಆಲ್ಕೋಹಾಲಿಗೆಂದೇ ತಯಾರಿಸಿದ ನೊರೆ ಬೇಕು. ಕಾರ್ಖಾನೆಯಲ್ಲಿ ಆ ನೊರೆ ಎಷ್ಟಿದೆ, ಹೊರಗಿನಿಂದ ಬರುವ ಅಗ್ನಿಶಾಮಕ ವಾಹನದಲ್ಲಿ ಅದು ಇದೆಯೇ ಎಂಬುದು ಮೊದಲೇ ಗೊತ್ತಿರಬೇಕಾದ ಸಂಗತಿ. ಬೆಂಕಿ ಬಿದ್ದ ರಾತ್ರಿ ಕೇಳಿ ತಿಳಿಯುವುದಲ್ಲ.

2018ರ ಡಿಸೆಂಬರ್ 16, ಭಾನುವಾರ. ಮುಧೋಳದ ಹತ್ತಿರದ ಕುಳಲಿಯಲ್ಲಿ ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿ ಘಟಕದಲ್ಲಿ ಸ್ಫೋಟವಾಗಿ ನಾಲ್ವರು ಸತ್ತರು, ಇನ್ನೂ ಹಲವರು ಗಾಯಗೊಂಡರು. ಬಾಯ್ಲರ್ ಸಿಡಿಯಿತೆಂದು ಮೊದಲು ಸುದ್ದಿ ಹಬ್ಬಿತು. ನಂತರ ಮಾತು ತ್ಯಾಜ್ಯ ಸಂಸ್ಕರಣೆಯ ಕಡೆಗೆ ತಿರುಗಿತು. ಬಾಯ್ಲರನ್ನು ಎಲ್ಲರೂ ಹೆದರಿ ನೋಡುತ್ತಾರೆ, ಅದಕ್ಕೆ ಪ್ರತ್ಯೇಕ ಕಾಯ್ದೆಯಿದೆ, ತಪಾಸಣೆಯಿದೆ, ಪರವಾನಗಿ ಪಡೆದ ನಿರ್ವಾಹಕನಿದ್ದಾನೆ. ಕೊಳಚೆಯ ತೊಟ್ಟಿಗೆ ಆ ಮರ್ಯಾದೆ ಇಲ್ಲ. ಡಿಸ್ಟಿಲರಿಯ ತ್ಯಾಜ್ಯ ಗಾಳಿಯಿಲ್ಲದ ತೊಟ್ಟಿಯಲ್ಲಿ ಕೊಳೆತಾಗ ಮೀಥೇನ್ ಹುಟ್ಟುತ್ತದೆ. ಗಾಳಿಯಲ್ಲಿ ಅದು ಶೇ 5ರಿಂದ 15ರಷ್ಟು ಬೆರೆತರೆ ಒಂದು ಕಿಡಿ ಸಾಕು. ಅದರ ಜೊತೆಗೇ ಬರುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆಯದು. ಪ್ರಮಾಣ ಏರಿದಾಗ ಮೂಗು ಆ ವಾಸನೆಯನ್ನು ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವನು ಮತ್ತೆ ಮೇಲೆ ಬರುವುದಿಲ್ಲ. ಅವನನ್ನು ಎಳೆಯಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ. ದೇಶದ ಎಲ್ಲೆಡೆ ತೊಟ್ಟಿ ಸಾವುಗಳ ಕತೆ ಹೀಗೆಯೇ ಎರಡು, ಮೂರು ಜನರದ್ದಾಗುತ್ತದೆ. ಅನಿಲ ಅಳೆಯದೆ, ಉಸಿರಾಟದ ಸಲಕರಣೆ ಇಲ್ಲದೆ, ಮೇಲೆ ಹಗ್ಗ ಹಿಡಿದು ನಿಂತವನಿಲ್ಲದೆ ಯಾರೂ ಇಳಿಯಬಾರದು, ಎಷ್ಟೇ ಆಪ್ತನು ಕೆಳಗಿರಲಿ.

ಸಕ್ಕರೆಯೇ ಸ್ಫೋಟಕ ಎಂದರೆ ನಂಬುವುದು ಕಷ್ಟ. 2008ರ ಫೆಬ್ರುವರಿ 7ರಂದು ಅಮೆರಿಕದ ಜಾರ್ಜಿಯಾದ ಪೋರ್ಟ್ ವೆಂಟ್‌ವರ್ತ್‌ನ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 14 ಕಾರ್ಮಿಕರು ಸತ್ತದ್ದು ಸಕ್ಕರೆಯ ಧೂಳಿನಿಂದ. ಮುಚ್ಚಿದ ಕನ್ವೇಯರಿನಲ್ಲಿ ಮೊದಲ ಸ್ಫೋಟ ಆಯಿತು. ಅದರ ಅದುರಿಕೆಗೆ ತೊಲೆ, ಪೈಪು, ನೆಲದ ಮೇಲೆ ವರ್ಷಗಳಿಂದ ಕೂತಿದ್ದ ಧೂಳು ಮೇಲೆದ್ದು, ಕಟ್ಟಡದಿಂದ ಕಟ್ಟಡಕ್ಕೆ ಸ್ಫೋಟ ಹಬ್ಬಿತು. ತನಿಖೆ ಬೊಟ್ಟು ಮಾಡಿದ್ದು ಗುಡಿಸದೆ ಬಿಟ್ಟ ಧೂಳಿನ ಕಡೆಗೆ. ಪ್ಯಾಕಿಂಗ್ ಮನೆಯಲ್ಲಿ ಕಸಬರಿಗೆ ಹಿಡಿದ ಹೆಂಗಸಿನ ಕೆಲಸ ಎಂಜಿನಿಯರನ ಕೆಲಸದಷ್ಟೇ ಸುರಕ್ಷತೆಯದು ಎಂದು ನಮ್ಮ ಕಾರ್ಖಾನೆಗಳು ಅರಿತು ಅವಳಿಗೂ ತರಬೇತಿ ಕೊಡಬೇಕು.

ಕಾನೂನು ಏನೆನ್ನುತ್ತದೆ? ಭೋಪಾಲ ದುರಂತದ ನಂತರ, 1987ರಲ್ಲಿ, 1948ರ ಕಾರ್ಖಾನೆಗಳ ಕಾಯ್ದೆಗೆ ಸೇರಿಸಿದ ಕಲಮುಗಳು ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳು ಆವರಣದ ತುರ್ತು ಯೋಜನೆ ಮಾಡಬೇಕು ಎಂದವು. ಅಷ್ಟೇ ಅಲ್ಲ, ಅವಘಡವಾದರೆ ಏನು ಮಾಡಬೇಕೆಂದು ಕಾರ್ಮಿಕರಿಗೂ ಸುತ್ತಮುತ್ತ ವಾಸಿಸುವ ಜನರಿಗೂ ತಿಳಿಸಬೇಕು ಎಂದವು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳು ತಮ್ಮ ವ್ಯಾಪ್ತಿಯ ಕಾರ್ಖಾನೆಗಳಲ್ಲಿ ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಕಡ್ಡಾಯ ಮಾಡಿದವು. ಸೈರನ್ ಕೂಗಿದರೆ ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿರುವ ಹೆಣ್ಣುಮಗಳು ಯಾವ ಕಡೆಗೆ ನಡೆಯಬೇಕು? ಇದು ತಿಳಿಯುವುದು ಅವಳ ಹಕ್ಕು. ಅಣಕು ಕಾರ್ಯಾಚರಣೆ ನಡೆಯಬೇಕಾದದ್ದು ಹಂಗಾಮಿನ ಕಾರ್ಮಿಕರೆಲ್ಲ ಬಂದು ಸೇರಿದ ಮೊದಲ ವಾರದಲ್ಲಿ, ಕನ್ನಡದ ಜೊತೆಗೆ ಮರಾಠಿ, ಹಿಂದಿಯಲ್ಲೂ. ಗುತ್ತಿಗೆಯಲ್ಲಿ ಬಂದವನಿಗೆ ಗೇಟು ಯಾವ ದಿಕ್ಕಿಗಿದೆ ಎಂದು ತಿಳಿಯುವ ಮುನ್ನವೇ ವೆಲ್ಡಿಂಗ್ ಟಾರ್ಚು ಕೈಗೆ ಕೊಡುವುದು ತಪ್ಪು.

ರಬಕವಿ-ಬನಹಟ್ಟಿಯ ಓಣಿಗಳಿಗೆ ಬಂದರೆ ಬೆಂಕಿಯ ಮಾತು ಮತ್ತೆ ಮನೆಯೊಳಕ್ಕೆ ಬರುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಮುಂದಿನ ಪಡಸಾಲೆಯಲ್ಲಿ ವಿದ್ಯುತ್ ಮಗ್ಗ, ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆ. ಸೀರೆಯ ಬೀಮು, ನೂಲಿನ ಕೋನು, ಕಂಡಿಕೆ, ಮಡಚಿಟ್ಟ ಬಟ್ಟೆಯ ಗಂಟು ಎಲ್ಲ ಒಂದೇ ಸೂರಿನಡಿ. ಮಗ್ಗ ಓಡಿದಂತೆ ನೂಲಿನ ನಯವಾದ ಧೂಳು ಹಾರಿ ಟ್ಯೂಬ್‌ಲೈಟಿನ ಪಟ್ಟಿ, ಮೋಟರು, ಸ್ವಿಚ್ ಬೋರ್ಡುಗಳ ಮೇಲೆ ಬಿಳಿಯ ತುಪ್ಪಳದಂತೆ ಕೂರುತ್ತದೆ. ಹಳೆಯ ವೈರಿಂಗ್ ಬಿಸಿಯಾಗಿ ಒಂದು ಕಿಡಿ ಬಂದರೆ ಆ ತುಪ್ಪಳ ಕಣ್ಣು ಮಿಟುಕಿಸುವಷ್ಟರಲ್ಲಿ ಬೆಂಕಿಯನ್ನು ಸೂರಿನ ಉದ್ದಕ್ಕೂ ಒಯ್ಯುತ್ತದೆ. ಮಗ್ಗದ ಸದ್ದಿನಲ್ಲಿ ಕೂಗಿದರೂ ಕೇಳದು. ಕಿಟಕಿಗಳಿಗೆ ಕಳ್ಳರ ಭಯಕ್ಕೆ ಕಬ್ಬಿಣದ ಸರಳು, ಹೊರಗೆ ಹೋಗಲು ಒಂದೇ ಬಾಗಿಲು, ಆ ಬಾಗಿಲಿಗೆ ಅಡ್ಡಲಾಗಿ ನೂಲಿನ ಚೀಲ.

ಇದು ಊಹೆಯ ಭಯವಲ್ಲ. ಕನ್ನಡ ಮಾತಾಡುವವರು ತಲೆಮಾರುಗಳಿಂದ ನೆಲೆಸಿರುವ ಪಕ್ಕದ ಸೊಲ್ಲಾಪುರದಲ್ಲಿ, ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯಲ್ಲಿ 2025ರ ಮೇ 18ರ ನಸುಕಿನಲ್ಲಿ ಬೆಂಕಿ ಬಿತ್ತು. ಅದೂ ಕೆಲಸ ಮತ್ತು ವಾಸ ಒಂದೇ ಕಟ್ಟಡದಲ್ಲಿದ್ದ ಜಾಗ. ಮಾಲೀಕರ ಕುಟುಂಬದವರು, ಕಾರ್ಮಿಕರು ಸೇರಿ 8 ಜನ ಸತ್ತರು, ಅವರಲ್ಲೊಂದು ಹಸುಗೂಸು. ಬೆಂಕಿ ಮಾಲೀಕ, ಕೂಲಿ ಎಂದು ನೋಡಲಿಲ್ಲ. ನೂರು ವರ್ಷಕ್ಕೂ ಹಿಂದೆ, 1911ರ ಮಾರ್ಚ್ 25ರಂದು, ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಜನ ಸತ್ತಾಗಲೂ ಬಾಗಿಲಿಗೆ ಬೀಗ ಬಿದ್ದಿತ್ತು. ಅವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿಗೆ ವಲಸೆ ಬಂದ ಎಳೆಯ ಹೆಣ್ಣುಮಕ್ಕಳು. ಬಟ್ಟೆ ಕದ್ದಾರು ಎಂಬ ಅನುಮಾನಕ್ಕೆ ಹಾಕಿದ ಬೀಗ ಅದು.

ನಮ್ಮ ಮಹಾಭಾರತದ ಅರಗಿನ ಮನೆಯ ಕತೆಯನ್ನು ಬೆಂಕಿಯ ಸಂಚು ಹೂಡಿದವರ ಕತೆಯಾಗಿ ಕೇಳಿದ್ದೇವೆ. ಪಾರಾದವರ ಕಡೆಯಿಂದ ನೋಡಿದರೆ ಅದೊಂದು ಸಿದ್ಧತೆಯ ಕತೆ. ವಿದುರನ ಎಚ್ಚರಿಕೆ ಮೊದಲೇ ಬಂತು, ಸುರಂಗ ತೋಡುವವನು ಬಂದ, ದಾರಿ ತಯಾರಾದ ಮೇಲೂ ಪಾಂಡವರು ಎಚ್ಚರವಾಗಿ ದಿನ ಕಳೆದರು, ಹೊತ್ತು ಬಂದಾಗ ಎಲ್ಲರೂ ಒಂದೇ ದಾರಿ ಹಿಡಿದರು. ನೇಕಾರರ ಮನೆಯಲ್ಲಿ ಎರಡನೆಯ ಬಾಗಿಲು ಆ ಸುರಂಗ. ಒಂದು ಕಿಟಕಿಯ ಸರಳನ್ನಾದರೂ ಒಳಗಿನಿಂದ ತೆರೆಯುವಂತೆ ಕೀಲು ಹಾಕಿಸಿದರೆ ಸಾಕು. ಮೇನ್ ಸ್ವಿಚ್ಚು ಬಾಗಿಲ ಬಳಿ ಇರಲಿ, ಮನೆಯ ಮಕ್ಕಳಿಗೂ ಅದನ್ನು ಇಳಿಸಲು ಬರಲಿ. ವಾರಕ್ಕೊಮ್ಮೆ, ಮಗ್ಗ ನಿಲ್ಲಿಸಿ, ಕರೆಂಟು ತೆಗೆದು, ಮೇಲಿನಿಂದ ಕೆಳಕ್ಕೆ ಧೂಳು ತೆಗೆಯಿರಿ. ಒಣ ಪುಡಿಯ ನಂದಕ ಒಂದಿದ್ದರೆ ಅದರ ಮುಳ್ಳು ಹಸಿರಿನಲ್ಲಿದೆಯೇ ಎಂದು ನೋಡುತ್ತಿರಿ. ಅದು ಓಡುವುದು ಕೆಲವೇ ಸೆಕೆಂಡು. ಪಿನ್ನು ಕಿತ್ತು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಬೆನ್ನ ಹಿಂದೆ ಬಾಗಿಲು ಇರುವಂತೆ ನಿಂತು ಒತ್ತಬೇಕು. ಬೆಂಕಿ ಸೂರು ಮುಟ್ಟಿದ್ದರೆ ನಂದಕ ಬಿಟ್ಟು ಹೊರಗೆ ಓಡಿ, ಬಾಗಿಲು ಎಳೆದುಕೊಳ್ಳಿ.

ಈ ನಡಿಗೆಯಿಂದ ನನಗೆ ನಿಚ್ಚಳವಾದ ಸಂಗತಿ ಇದು. ಕಾನೂನು ತಲೆ ಎಣಿಸಿ ಕಾಯುತ್ತದೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಕಾರ್ಮಿಕರಿದ್ದರೆ ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೃತ್ತಿ ಸುರಕ್ಷತೆಯ ಸಂಹಿತೆಯಲ್ಲಿ ಆ ಸಂಖ್ಯೆ 20 ಆಗಿದೆ, ವಿದ್ಯುತ್ ಇಲ್ಲದ ಕಡೆ 40. ನಾಲ್ಕು ಮಗ್ಗದ ಮನೆ, ಎಂಟು ಜನರ ಗಾಣ ಆಗಲೂ ಲೆಕ್ಕಕ್ಕೆ ಬರಲಿಲ್ಲ, ಈಗ ಇನ್ನೂ ದೂರ ಸರಿದವು. ಹೊಲದ ಮಾತಂತೂ ಇಲ್ಲವೇ ಇಲ್ಲ. ಸೈರನ್ ಇರುವ ಜಾಗದಲ್ಲಿ ಯೋಜನೆ ಇದೆ; ಅತಿ ಹೆಚ್ಚು ಜನ ದುಡಿಯುವ ಜಾಗಗಳಲ್ಲಿ ಯೋಜನೆಯೂ ಇಲ್ಲ, ಕೇಳುವವರೂ ಇಲ್ಲ. ಈ ಕೊರತೆಯನ್ನು ದೆಹಲಿ ತುಂಬಲಿ ಎಂದು ಕಾಯುವ ಬದಲು ಊರೇ ತುಂಬಿಕೊಳ್ಳಬಹುದು, ಏಕೆಂದರೆ ಬೇಕಾದ ಸಾಮಾನು ಊರಲ್ಲೇ ಇದೆ. ಬಾವಿ, ಬೋರು, ಕೃಷಿಹೊಂಡ ಇವೆ. ದ್ರಾಕ್ಷಿ, ದಾಳಿಂಬೆಗೆ ಔಷಧ ಹೊಡೆಯುವ ಟ್ರ್ಯಾಕ್ಟರ್ ಸ್ಪ್ರೇಯರುಗಳಿವೆ. ನೀರು ತುಂಬಿಟ್ಟರೆ ಬದುವಿನ ಬೆಂಕಿಗೆ ಅವೇ ಮೊದಲ ವಾಹನ. ಮುಧೋಳ, ಜಮಖಂಡಿಗಳಲ್ಲಿ ಅಗ್ನಿಶಾಮಕ ಠಾಣೆಗಳಿವೆ, ಆದರೆ ಅಲ್ಲಿಂದ ಹೊರಟ ಕೆಂಪು ಲಾರಿ ಕಬ್ಬಿನ ನಡುವಿನ ಬಂಡಿದಾರಿಯಲ್ಲಿ ಸಿಕ್ಕಿಕೊಳ್ಳದೆ ಬರಬೇಕಾದರೆ ಯಾವ ದಾರಿ ಅಗಲ, ಯಾವ ಬಾವಿಗೆ ಪೈಪು ಇಳಿಸಬಹುದು ಎಂದು ತೋರಿಸುವ ಊರಿನ ನಕ್ಷೆ ಠಾಣೆಯಲ್ಲಿ ಮೊದಲೇ ಇರಬೇಕು. ಆ ನಕ್ಷೆ ಬರೆಯಲು ಶಾಲೆಯ ಮಕ್ಕಳಿಗೂ ಆದೀತು.

ರನ್ನ ಬೆಳಗಲಿಯ ಪಟ್ಟಣ ಪಂಚಾಯಿತಿಗೆ, ಅಕ್ಕಪಕ್ಕದ ಗ್ರಾಮ ಪಂಚಾಯಿತಿಗಳಿಗೆ ಒಂದು ಬೇಡಿಕೆ. ಈ ಸಲದ ಹಂಗಾಮಿನ ಮೊದಲ ಗಾಡಿ ಹೊರಡುವ ಮುನ್ನ ಹೆಸ್ಕಾಂ, ಅಗ್ನಿಶಾಮಕ ಠಾಣೆ, ಕಾರ್ಖಾನೆಗಳ ಕಬ್ಬು ವಿಭಾಗ, ಗಾಣದವರು, ನೇಕಾರ ಸಂಘದವರು, ಗ್ಯಾಂಗಿನ ಮುಕಾದಮರನ್ನು ಒಂದೇ ಸಭೆಗೆ ಕರೆಯಿರಿ. ಜೋತ ತಂತಿಗಳ ಪಟ್ಟಿ ಮಾಡಿ, ಯಾವ ತಾರೀಖಿನೊಳಗೆ ಬಿಗಿಯುತ್ತೀರಿ ಎಂದು ಬರೆಸಿಕೊಳ್ಳಿ. ಸುಟ್ಟ ಕಬ್ಬಿನ ಒಪ್ಪಂದಕ್ಕೆ ಸಹಿ ಹಾಕಿಸಿ. ಗುಡಿಸಲುಗಳ ಜಾಗ ಹೋಗಿ ನೋಡಿ. ಓದುಗರೇ, ಸಭೆ ಆಗುವವರೆಗೆ ನೀವೂ ಕಾಯಬೇಡಿ: ಬೆಂಕಿ ಕಂಡರೆ 112, ತಂತಿ ಹರಿದರೆ 1912. ಈ ಎರಡು ಸಂಖ್ಯೆಗಳನ್ನು ಇಂದೇ ಪಂಪಿನ ಮನೆಯ ಗೋಡೆಯ ಮೇಲೆ, ಗಾಣದ ಕಂಬದ ಮೇಲೆ, ಮಗ್ಗದ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಿಸಿ.